ಮೂವತ್ತೊಂದನೆಯ ಮೆಟ್ಟಿಲು

ಮಾರ್ಚ್ 3, ಸೋಮವಾರ

ಈ ನೋಟ್‌ಬುಕ್ಕಿನ ಮೊದಲರ್ಧದಲ್ಲಿ ನಾನು ರಾಜ. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಹವ್ಯಾಸಿ ನಾಟಕ ಸಂಘದಲ್ಲಿ ಮಾಡಿದ ಪಾತ್ರಗಳ ಮಾತೆಲ್ಲ ನನ್ನದೇ ಕೈಬರಹದಲ್ಲಿ ಇಲ್ಲಿದೆ. ಸೈನ್ಯ ನಡೆಸಿದ್ದೇನೆ, ಕೋಟೆ ಒಡೆದಿದ್ದೇನೆ, ಸಾಯುವಾಗ ಮೂರು ಪುಟ ಮಾತಾಡಿದ್ದೇನೆ. ಉಳಿದರ್ಧ ಖಾಲಿ. ಈ ಖಾಲಿ ಹಾಳೆಗಳಲ್ಲಿ ನಾನು ಆಸ್ಪತ್ರೆಯ ಸ್ಟ್ರೆಚರ್ ಹೊರುವವನು, ವಯಸ್ಸು ನಲವತ್ತೇಳು, ತೂಕ ತೊಂಬತ್ತಾರು ಕಿಲೋ. ಇವತ್ತು ಬೆಳಿಗ್ಗೆ ಹತ್ತೂವರೆಗೆ ನಾನು ಮಾಡಿದ ಕೆಲಸವನ್ನು ಯಾರ ಮುಂದೆಯೂ ಹೇಳಲಾರದೆ ಇಲ್ಲಿ ಬರೆಯುತ್ತಿದ್ದೇನೆ.

ಲಿಫ್ಟ್ ಕೆಟ್ಟು ವಾರವಾಯಿತು. ಬಿಡಿಭಾಗ ಬರಲು ಎರಡು ತಿಂಗಳಂತೆ. ಅಲ್ಲಿಯತನಕ ಎರಡನೇ ಮಹಡಿಯ ಆಪರೇಷನ್ ಕೋಣೆಗೆ ರೋಗಿಗಳನ್ನು ನಾವೇ ಹೊರಬೇಕು. ನಲವತ್ತನಾಲ್ಕು ಮೆಟ್ಟಿಲು. ಹತ್ತುವಾಗ ರೋಗಿಯ ತಲೆ ಮೇಲಕ್ಕೆ, ಕಾಲು ಕೆಳಕ್ಕೆ. ಮೇಲಿನ ತುದಿ ಹಿಡಿದವನು ರೋಗಿಗೆ ಬೆನ್ನು ಮಾಡಿ ಮುಂದೆ ನಡೆಯುತ್ತಾನೆ. ಭಾರದ ಬಹುಪಾಲು ಕೆಳಗಿನವನ ಹೆಗಲಿಗೆ. ಹನ್ನೊಂದು ವರ್ಷದಿಂದ ಮುಂದೆ ನಡೆಯುವವನು ನಾನು, ಕೆಳಗೆ ಹೊರುವವನು ಕಡ್ಡಿ. ನನ್ನ ಜೊತೆಗಾರನನ್ನು ಇಡೀ ಆಸ್ಪತ್ರೆ ಕರೆಯುವುದೇ ಹಾಗೆ. ಒಣಗಿದ ಬೆತ್ತದಂಥ ಮೈ. ನನ್ನನ್ನು ಮಹಾಪ್ರಭು ಅನ್ನುತ್ತಾರೆ. ನಾನು ಒಮ್ಮೆ ಗಂಟಲೆತ್ತಿ ದಾರಿ ಕೇಳಿದರೆ ಗೋಡೆಗಳೂ ಸರಿದು ನಿಲ್ಲುತ್ತವೆ ಎಂದು ಕಡ್ಡಿ ನಗುತ್ತಿದ್ದ.

ಇವತ್ತು ಸ್ಟ್ರೆಚರಿನಲ್ಲಿದ್ದವರು ಹೊಟ್ಟೆಯ ಆಪರೇಷನ್ನಿಗೆ ಬಂದ ಒಬ್ಬ ವಯಸ್ಸಾದ ಅಮ್ಮ. ಮೊದಲ ಮಹಡಿ ದಾಟುವಾಗಲೇ ನನ್ನ ಎದೆ ಕುಲುಮೆಯ ತಿದಿಯಂತೆ ಒತ್ತತೊಡಗಿತ್ತು. ನಿಲ್ಲೋಣ ಎಂದು ಹೇಳಬಹುದಿತ್ತು. ಮಹಾಪ್ರಭು ಹೇಳುತ್ತಾನೆಯೇ? ಮೂವತ್ತೊಂದನೆಯ ಮೆಟ್ಟಿಲಿನಲ್ಲಿ ಕಣ್ಣು ಕತ್ತಲೆ ಕಟ್ಟಿತು. ಮಂಡಿ ಕಲ್ಲು ಮುಟ್ಟಿತು, ಕೈ ಬಿಟ್ಟಿತು. ಮೇಲಿನ ತುದಿ ದಡ್ಡೆಂದು ಬಿತ್ತು. ಆ ಅಮ್ಮನ ಮೊಣಕೈ ಮೆಟ್ಟಿಲಿನ ಅಂಚಿಗೆ ಬಡಿದ ಸದ್ದು ನನಗೆ ಕೇಳಿಸಿತು.

ಜನ ಓಡಿ ಬಂದಾಗ ಕಂಡ ದೃಶ್ಯ ಇದು: ಮೇಲೆ ನಾನು ಗೋಡೆ ಹಿಡಿದು ಎದ್ದು ನಿಂತಿದ್ದೇನೆ. ಕೆಳಗೆ ಕಡ್ಡಿ ಎರಡೂ ಮಂಡಿಯೂರಿ, ಸ್ಟ್ರೆಚರಿನಡಿ ಹೆಗಲು ಕೊಟ್ಟು ಗಡಗಡ ನಡುಗುತ್ತಿದ್ದಾನೆ.

ದೊಡ್ಡ ಸಿಸ್ಟರ್, ಅಂದರೆ ನಮ್ಮ ಮುಖ್ಯ ದಾದಿ, ಒಮ್ಮೆ ನನ್ನ ಗಾತ್ರ ನೋಡಿದರು, ಒಮ್ಮೆ ಅವನ ಗಾತ್ರ ನೋಡಿದರು. ಆಮೇಲೆ ಅವನನ್ನು ಕೇಳಿದರು. "ಕೈಲಾಗಲ್ಲ ಅಂದ್ರೆ ಮುಂಚೇನೇ ಹೇಳಬಾರದಾ ನೀನು?"

ಕಡ್ಡಿ ತಲೆ ಎತ್ತಿದ. ನನ್ನ ಮುಖ ನೋಡಿದ. ಮೂರು ಪುಟ ಮಾತಾಡಿ ಸಾಯುವವನು ನಾನು. ಒಂದು ಪದ ಹೊರಡಲಿಲ್ಲ.

ಮಾರ್ಚ್ 4, ಮಂಗಳವಾರ

ಆ ಅಮ್ಮನ ಮೊಣಕೈ ಮೂಳೆ ಬಿರುಕು ಬಿಟ್ಟಿದೆ. ಕೈಗೆ ಪ್ಲಾಸ್ಟರ್. ಆಪರೇಷನ್ ಒಂದು ತಿಂಗಳು ಮುಂದಕ್ಕೆ ಹೋಯಿತು. ಕಡ್ಡಿಯನ್ನು ಹಿಂಭಾಗದ ಲಾಂಡ್ರಿಗೆ ಹಾಕಿದ್ದಾರೆ. ಅವನ ಜಾಗಕ್ಕೆ ಅಡುಗೆಮನೆಯಲ್ಲಿ ಹಂಡೆ ಎತ್ತುತ್ತಿದ್ದ ಅಕ್ಕ ಬಂದಿದ್ದಾಳೆ. ಭುಜ ನೋಡಿದರೆ ಬಾಗಿಲು ತಾನಾಗಿ ತೆರೆಯಬೇಕು.

"ಮಹಾಪ್ರಭುಗಳು ಮುಂದೆ ನಡೀಲಿ," ಎಂದಳು. "ಕೆಳಗೆ ನಾನಿರ್ತೀನಿ. ಆ ಕಡ್ಡಿ ತರ ಬಗ್ಗೋಳಲ್ಲ ನಾನು."

ನಾನು ನಕ್ಕೆ. ನಕ್ಕೆ ಎಂದು ಬರೆಯಲು ಕೈ ಹಿಂಜರಿಯುತ್ತಿದೆ. ಆದರೂ ನಕ್ಕದ್ದು ಹೌದು.

ಆದುದರಿಂದ, ಎಲೈ ಸಭಾಸದರೇ (ಸಭೆಯಲ್ಲಿರುವವನು ನಾನೊಬ್ಬನೇ), ಕೇಳಿಸಿಕೊಳ್ಳಿ. ಈ ಹೊಟ್ಟೆಯನ್ನು ಕರಗಿಸುತ್ತೇನೆ. ಈ ಎದೆಗೆ ಉಸಿರು ತುಂಬುತ್ತೇನೆ. ಎಲ್ಲಿಯೂ ನಿಲ್ಲದೆ ನಲವತ್ತನಾಲ್ಕು ಮೆಟ್ಟಿಲು ಓಡಿ ಹತ್ತಿದ ದಿನವೇ ನೇರ ದೊಡ್ಡ ಸಿಸ್ಟರ್ ಕೋಣೆಗೆ ನಡೆದು, ಕೈ ಬಿಟ್ಟವನು ಅವನಲ್ಲ, ನಾನು ಎಂದು ಹೇಳುತ್ತೇನೆ. ಈಗಲೇ ಹೇಳಿದರೆ ಲಾಂಡ್ರಿಗೆ ಹೋಗುವವನು ಒಬ್ಬ ಡುಮ್ಮ ಸುಳ್ಳುಗಾರ. ಆಗ ಹೇಳಿದರೆ, ಕನಿಷ್ಠ ತಿದ್ದಿಕೊಂಡ ಮನುಷ್ಯ.

ಮಾರ್ಚ್ 6, ಗುರುವಾರ

ಕೆಲಸ ಶುರುವಾಗುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಹೋಗಿ, ಬರಿಗೈಯಲ್ಲಿ ಓಡುತ್ತ ಹತ್ತಿದೆ. ಹದಿನೆಂಟು ಮೆಟ್ಟಿಲಿಗೆ ಕೂತೆ. ಕೂತ ಜಾಗದಿಂದ ಮೂವತ್ತೊಂದನೆಯದು ಕಾಣುವುದೂ ಇಲ್ಲ.

ಮನೆಗೆ ಬಂದು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರೆ ಹೆಂಡತಿ ಕೇಳಿದಳು. "ಇದು ಯಾವ ನಾಟಕಕ್ಕೆ ತಾಲೀಮು?"

"ಆರೋಗ್ಯ ಕಣೆ."

"ಇಪ್ಪತ್ತು ವರ್ಷದಿಂದ ಹೇಳ್ತಿದ್ದೀನಿ, ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗ ಯಾರು ಹೇಳಿದ್ರು?"

ಯಾರೂ ಹೇಳಲಿಲ್ಲ ಎಂದೆ.

ಮಾರ್ಚ್ 9, ಭಾನುವಾರ

ಅರ್ಧ ಅನ್ನ. ಸಿಹಿ ಇಲ್ಲ. ಕರಿದದ್ದು ಇಲ್ಲ. ಸಂಜೆ ಆರಕ್ಕೆ ಆಸ್ಪತ್ರೆಯ ಹೊರಗೋಡೆ ಸುತ್ತಿ ಎರಡು ಸುತ್ತು ನಡಿಗೆ. ಮೂರನೆಯ ಸುತ್ತಿಗೆ ಲಾಂಡ್ರಿಯ ಕಿಟಕಿಯ ಹತ್ತಿರ ಬಂದಾಗ ಒಳಗೆ ದೀಪ ಹೊತ್ತಿಕೊಂಡಿತು. ಅಲ್ಲಿಂದಲೇ ತಿರುಗಿದೆ.

ಮಾರ್ಚ್ 10, ಸೋಮವಾರ

ಹೋಗಲಿಲ್ಲ.

ಮಾರ್ಚ್ 11, ಮಂಗಳವಾರ

ಹೋಗಲಿಲ್ಲ. ಮಳೆ ಎಂದು ಬರೆಯುವವನಿದ್ದೆ. ಮಳೆ ಬಂದಿರಲಿಲ್ಲ. ಸಂಜೆ ಬೇಕರಿಯ ಮುಂದೆ ನಿಂತು ಮೂರು ಕ್ರೀಮ್ ಬನ್ ತಿಂದೆ. ಮೂರನೆಯದನ್ನು ಗೋಡೆಯ ಕಡೆ ತಿರುಗಿ ತಿಂದೆ.

ಮಾರ್ಚ್ 15, ಶನಿವಾರ

ಇವತ್ತು ತಪ್ಪಿಸಿಕೊಳ್ಳಲಾಗಲಿಲ್ಲ. ವಾರ್ಡಿಗೆ ಬೆಡ್‌ಶೀಟು ತರಲು ನನ್ನನ್ನೇ ಕಳಿಸಿದರು. ಲಾಂಡ್ರಿಯಲ್ಲಿ ಬಿಸಿ ಹಬೆ, ಮೂರು ದೊಡ್ಡ ಯಂತ್ರಗಳ ಗುಡುಗು. ಕಡ್ಡಿ ಮೇಜಿನ ಮುಂದೆ ನಿಂತು ಮಡಿಸುತ್ತಿದ್ದ. ಸೋಪಿನ ಪುಡಿಗೆ ಬೆರಳ ಸಂದುಗಳು ಬಿರಿದು ಕೆಂಪಾಗಿದ್ದವು.

"ಕೈಗೆ ಏನಾದ್ರೂ ಹಚ್ಚು," ಎಂದೆ.

"ಹಚ್ತೀನಿ."

"ಹೇಗಿದೆ ಇಲ್ಲಿ?"

"ಬೆಡ್‌ಶೀಟು ನರಳಲ್ಲ. ಅದೊಂದು ಆರಾಮ." ಇನ್ನೊಂದು ಶೀಟನ್ನು ಝಾಡಿಸಿ ಮಡಿಸಿದ. "ಮೆಟ್ಟಿಲು ಹತ್ತಿ ಅಭ್ಯಾಸ ಮಾಡ್ತಿದ್ದೀಯಂತೆ."

"ಹ್ಞೂಂ."

"ಒಳ್ಳೇದು. ಉಸಿರು ಮುಖ್ಯ."

ಹಂಗಿಸಿ ಹೇಳಿದ್ದರೆ ಹೊತ್ತುಕೊಳ್ಳಬಹುದಿತ್ತು. ಅವನು ಹಂಗಿಸಿ ಹೇಳಲಿಲ್ಲ. ಹನ್ನೊಂದು ವರ್ಷ ನನ್ನ ಬೆನ್ನನ್ನೇ ನೋಡಿ ನಡೆದವನು, ನನ್ನ ಉಸಿರು ಯಾವ ಮೆಟ್ಟಿಲಿಗೆ ಸೋಲುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವನು. ಶೀಟುಗಳನ್ನು ತಬ್ಬಿಕೊಂಡು ಓಡಿ ಬಂದೆ. ಓಡಿದೆ ಎಂಬುದು ಹೊರಗೆ ಬಂದ ಮೇಲೆ ಗೊತ್ತಾಯಿತು.

ಮಾರ್ಚ್ 22, ಶನಿವಾರ

ನಲವತ್ತನಾಲ್ಕು, ಎರಡು ಸಲ ನಿಂತು. ಈ ವಾರ ಒಂದು ದಿನವೂ ತಪ್ಪಿಸಿಲ್ಲ. ಪ್ಯಾಂಟಿನ ಸೊಂಟಕ್ಕೆ ಹೆಂಡತಿ ಪಿನ್ ಹಾಕಿದ್ದಾಳೆ. ಅಡುಗೆಮನೆಯ ಅಕ್ಕ ಇಂದು ರೋಗಿಯನ್ನು ಇಳಿಸಿದ ಮೇಲೆ ನನ್ನ ಬೆನ್ನು ತಟ್ಟಿದಳು. "ಏನ್ರೀ ಇದು, ಮಹಾಪ್ರಭುಗಳು ಬರ್ತಾ ಬರ್ತಾ ಮಂತ್ರಿ ಆಗಿಬಿಟ್ರಲ್ಲ. ಹೀಗೇ ಹೋದ್ರೆ ದ್ವಾರಪಾಲಕನ ಪಾರ್ಟೇ ಗತಿ." ವಾರ್ಡೆಲ್ಲ ನಕ್ಕಿತು. ಹೊಗಳಿಕೆ ಬಂದಾಗಲೆಲ್ಲ ನನಗೆ ಹಬೆಯ ವಾಸನೆ ಬರುತ್ತದೆ.

ಏಪ್ರಿಲ್ 2, ಬುಧವಾರ

ನಿಲ್ಲದೆ ಓಡಿ ಹತ್ತಿದೆ. ನಲವತ್ತನಾಲ್ಕೂ. ಎದೆ ಡವಗುಟ್ಟಿತು, ಕಣ್ಣು ಕತ್ತಲೆ ಕಟ್ಟಲಿಲ್ಲ. ಮೇಲಿನ ಕಿಟಕಿಯ ಬಳಿ ನಿಂತು ಯುದ್ಧ ಗೆದ್ದವನಂತೆ ಊರನ್ನು ನೋಡಿದೆ. ಆಮೇಲೆ ನೆನಪಾಯಿತು, ಇವತ್ತೇ ಹೇಳಬೇಕಾದ ದಿನ.

ದೊಡ್ಡ ಸಿಸ್ಟರ್ ಕೋಣೆಯ ಬಾಗಿಲ ತನಕ ಹೋದೆ. ಒಳಗೆ ಅವರು ಫೋನಿನಲ್ಲಿದ್ದರು. ಕಾಯಬಹುದಿತ್ತು. ಬರಿಗೈಯಲ್ಲಿ ಹತ್ತಿದ್ದು ಯಾವ ದೊಡ್ಡ ಸಾಧನೆ ಎಂದು ಅಲ್ಲೇ ನಿಂತು ಯೋಚಿಸಿದೆ. ಇಪ್ಪತ್ತು ಕಿಲೋ ಮರಳಿನ ಚೀಲ ಹೊತ್ತು ಹತ್ತಿದರೆ ಲೆಕ್ಕಕ್ಕೆ ಬರುತ್ತದೆ. ಅದಾದ ಮೇಲೆ ಖಂಡಿತ ಹೇಳುತ್ತೇನೆ.

ಏಪ್ರಿಲ್ 7, ಸೋಮವಾರ

ಆ ಅಮ್ಮ ವಾಪಸು ಬಂದಿದ್ದಾರೆ. ಇಂದು ಅವರ ಆಪರೇಷನ್. ಹೊತ್ತವರು ನಾನು ಮತ್ತು ಅಕ್ಕ.

ಅದೇ ಮೆಟ್ಟಿಲು. ಅವರ ತಲೆ ಅದೇ ರೀತಿ ನನ್ನ ಬೆನ್ನ ಹಿಂದೆ. ಮೂವತ್ತೊಂದನ್ನು ದಾಟುವಾಗ ಕೈಬೆವರಿಗೆ ಹಿಡಿ ಜಾರಬಹುದೆಂದು ಬೆರಳು ಬೆಳ್ಳಗಾಗುವಷ್ಟು ಬಿಗಿದೆ. ಏನೂ ಆಗಲಿಲ್ಲ. ಮೇಲೆ ಆಪರೇಷನ್ ಕೋಣೆಯ ಹೊರಗೆ ಇಳಿಸಿದಾಗ ಆ ಅಮ್ಮ ಕತ್ತು ಹಿಂದಕ್ಕೆ ಹೊರಳಿಸಿ ನನ್ನನ್ನು ತಲೆಕೆಳಗಾಗಿ ನೋಡಿದರು.

"ಹೊಸಬನಾ ನೀನು?"

ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು. "ಹೋದ ಸಲ ನನ್ನ ತಲೆ ಹತ್ರ ಒಬ್ಬ ಇದ್ದ ನೋಡಪ್ಪ. ಮುಖ ಕಾಣಲಿಲ್ಲ, ಉಸಿರು ಮಾತ್ರ ಕೇಳಿಸ್ತಿತ್ತು, ಕುಲುಮೆ ಊದಿದ ಹಾಗೆ. ಅವನೇ ಕೈಬಿಟ್ಟಿದ್ದು. ಕಾಲ ಹತ್ರ ಇದ್ದ ಸಣಕಲು ಹಿಡ್ಕೊಂಡ, ಇಲ್ದಿದ್ರೆ ನಾನು ಕೆಳಗಿನ ತನಕ ಉರುಳ್ತಿದ್ದೆ. ಬೀಳಿಸಿದವನ್ನ ಏನ್ಮಾಡಿದ್ರಿ ಅಂತ ನಿಮ್ಮ ಸಿಸ್ಟರನ್ನ ಕೇಳ್ದೆ. ತೆಗೆದುಹಾಕಿದೀವಿ ಅಮ್ಮ ಅಂದ್ರು. ಹೌದೇನಪ್ಪ?"

"ಹೌದಮ್ಮ," ಎಂದೆ. "ತೆಗೆದುಹಾಕಿದ್ದಾರೆ."

"ಒಳ್ಳೇದಾಯ್ತು. ನಿಂದು ಉಸಿರೇ ಕೇಳಿಸಲ್ಲ. ಚೆನ್ನಾಗಿರು."

ಬಾಗಿಲು ಮುಚ್ಚಿತು. ಒಂದು ತಿಂಗಳ ಬೆವರು, ಅರ್ಧ ಅನ್ನ, ಮುರಿದು ಮತ್ತೆ ಕಟ್ಟಿದ ವ್ರತ, ಎಲ್ಲ ಸೇರಿ ನನಗೆ ಒಂದು ವೇಷ ಹೊಲಿದುಕೊಟ್ಟಿವೆ. ಎಷ್ಟು ಚೆನ್ನಾದ ವೇಷವೆಂದರೆ, ನಾನು ಬೀಳಿಸಿದವರೇ ನನ್ನನ್ನು ಗುರುತಿಸಲಾರರು.

ಅಕ್ಕ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿರಬಹುದು. ಇಳಿಯುವಾಗ ಒಂದೂ ತಮಾಷೆ ಮಾಡಲಿಲ್ಲ.

ಏಪ್ರಿಲ್ 16, ಬುಧವಾರ

ದೊಡ್ಡ ಸಿಸ್ಟರ್ ಕರೆದು ಹೇಳಿದರು: ಶನಿವಾರ ಕ್ಯಾಂಟೀನಿನಲ್ಲಿ ಸಿಬ್ಬಂದಿಗೆ ಆರೋಗ್ಯದ ಬಗ್ಗೆ ಸಭೆ. "ನೀವು ಮಾತಾಡಬೇಕು. ಆರು ವಾರದಲ್ಲಿ ಹನ್ನೊಂದು ಕಿಲೋ ಇಳಿಸಿದ್ದೀರ. ದಿನಾ ಬಿಡದೆ ಹೇಗೆ ಮಾಡಿದ್ರಿ, ಮನಸ್ಸು ಹೇಗೆ ಬಂತು, ಅದನ್ನೇ ಹೇಳಿ. ಜನಕ್ಕೆ ಹುರುಪು ಬರುತ್ತೆ."

ವೇದಿಕೆ. ಇಪ್ಪತ್ತು ವರ್ಷದ ಮೇಲೆ ವೇದಿಕೆ. ಅಲ್ಲೇ ಹೇಳುತ್ತೇನೆ. ಎಲ್ಲರೆದುರು, ಕಡ್ಡಿಯೆದುರು. ಮುಚ್ಚಿಟ್ಟ ತಪ್ಪಿಗೆ ತೆರೆದ ಸಭೆಯಲ್ಲೇ ಪರಿಹಾರ.

ಸಂಜೆ ಹೆಂಡತಿಗೆ ಮೊದಲಿನಿಂದ ಎಲ್ಲ ಹೇಳಿದೆ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು, ಮಡಿಸುವುದನ್ನು ನಿಲ್ಲಿಸಿದಳು. "ಆರು ವಾರ ನಿಮಗೆ ಹುಷಾರಿಲ್ಲವೇನೋ ಅಂತ ನಾನು ಹೆದರ್ಕೊಂಡಿದ್ದೆ. ಇಷ್ಟು ತೆಳ್ಳಗಾದೋರು ಏನನ್ನೋ ಮುಚ್ಚಿಡ್ತಾರೆ." ಮಡಿಸಿದ್ದನ್ನು ಪಕ್ಕಕ್ಕಿಟ್ಟು, "ಹೇಳಬೇಕಾದ್ದು ಒಬ್ಬರಿಗೆ. ಇನ್ನೂರು ಜನ ಯಾಕೆ ಬೇಕು?"

ಅವಳಿಗೆ ರಂಗದ ಮರ್ಮ ತಿಳಿಯದು.

ಏಪ್ರಿಲ್ 19, ಶನಿವಾರ

ಬರೆಯಲೇಬೇಕು.

ಕ್ಯಾಂಟೀನ್ ತುಂಬಿತ್ತು. ಮೈಕನ್ನು ಪಕ್ಕಕ್ಕೆ ಸರಿಸಿದೆ. ನನ್ನ ಗಂಟಲಿಗೆ ಮೈಕು ಯಾವತ್ತೂ ಬೇಕಾಗಿಲ್ಲ. ಲಿಫ್ಟ್ ಕೆಟ್ಟದ್ದರಿಂದ ಶುರುಮಾಡಿದೆ. ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿಸಿದೆ. ಮೂವತ್ತೊಂದಕ್ಕೆ ಬಂದಾಗ ದನಿ ತಗ್ಗಿಸಿದೆ, ಎಲ್ಲಿ ತಗ್ಗಿಸಿದರೆ ಕೊನೆಯ ಸಾಲಿನವರು ಮುಂದಕ್ಕೆ ಬಗ್ಗುತ್ತಾರೆಂದು ನನಗೆ ಗೊತ್ತು. ಬಗ್ಗಿದರು. "ಅಂದು ಸೋತದ್ದು ಕೆಳಗಿದ್ದ ಹೆಗಲಲ್ಲ," ಎಂದೆ. "ಸೋತದ್ದು ಮೇಲಿದ್ದ ಈ ಎದೆ. ಬಿದ್ದದ್ದು ಸ್ಟ್ರೆಚರ್ ಅಲ್ಲ, ಈ ಮಹಾಪ್ರಭು." ಎದೆಗೆ ಕೈ ಬಡಿದುಕೊಂಡು ತಲೆ ಬಾಗಿಸಿ ನಿಂತೆ.

ಆಮೇಲೆ ಚಪ್ಪಾಳೆ. ಗೋಡೆ ಅದುರುವಂಥ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು. ದೊಡ್ಡ ಸಿಸ್ಟರ್ ಎದ್ದು ಮೈಕ್ ಹಿಡಿದು ಹೇಳಿದರು: "ನೋಡಿ, ಎಂಥ ದೊಡ್ಡ ಮನಸ್ಸು. ಜೊತೆಗಾರನ ತಪ್ಪನ್ನೂ ತನ್ನದೇ ಅಂತ ಹೊತ್ಕೊಂಡು, ಅದರಿಂದಲೇ ಛಲ ತಗೊಂಡಿದ್ದಾರೆ. ಇಂಥವರು ನಮ್ಮಲ್ಲಿದ್ದಾರೆ."

ಅಲ್ಲ ಎನ್ನಬಹುದಿತ್ತು. ಅದು ಅಲಂಕಾರದ ಮಾತಲ್ಲ, ನಡೆದ ಸಂಗತಿ ಎನ್ನಬಹುದಿತ್ತು. ಒಂದು ವಾಕ್ಯ ಸಾಕಿತ್ತು. ಚಪ್ಪಾಳೆ ಎರಡನೇ ಸಲ ಎದ್ದಿತು. ನಾನು ಕೈ ಮುಗಿದೆ.

ಹೊರಗೆ ನಲ್ಲಿಯ ಹತ್ತಿರ ಕಡ್ಡಿ ಲೋಟ ತೊಳೆಯುತ್ತಿದ್ದ.

"ಚೆನ್ನಾಗಿತ್ತು," ಎಂದ. "ನಡುವೆ ಸ್ವಲ್ಪ ಎಳೀತು."

"ನಿಜಾನೇ ಹೇಳ್ದೆನಲ್ಲೋ."

"ಹೇಳ್ದೆ. ಅವರು ಚಪ್ಪಾಳೆ ಹೊಡೆದ್ರು. ನೀನು ಕೈ ಮುಗಿದೆ. ಅದೂ ನಿಜಾನೇ." ಲೋಟವನ್ನು ಬೋರಲು ಹಾಕಿದ. "ಅವತ್ತು ಮೆಟ್ಟಿಲ ಮೇಲೆ ನೀನು ಹೇಳ್ತೀಯ ಅಂತ ಕಾದೆ. ಆಮೇಲೆ ಒಂದು ವಾರ ಕಾದೆ. ಈಗ ಕಾಯ್ತಿಲ್ಲ, ಬಿಡು. ನಿನ್ನ ಪಾಡಿಗೆ ನೀನು ಮೆಟ್ಟಿಲು ಹತ್ತು."

ಏಪ್ರಿಲ್ 20, ಭಾನುವಾರ

ಎದ್ದೆ. ನಡೆದೆ. ಊಟ ಸೇರಲಿಲ್ಲ.

ಏಪ್ರಿಲ್ 21, ಸೋಮವಾರ

ಬೆಳಿಗ್ಗೆ ಮೆಟ್ಟಿಲು ಹತ್ತಲಿಲ್ಲ. ನೇರ ದೊಡ್ಡ ಸಿಸ್ಟರ್ ಕೋಣೆಗೆ ಹೋದೆ. ಅವರು ಪೆನ್ಸಿಲ್ ಹಿಡಿದು ವಾರದ ಡ್ಯೂಟಿ ಪಟ್ಟಿ ತುಂಬುತ್ತಿದ್ದರು.

"ಸ್ಟ್ರೆಚರ್ ಬಿಟ್ಟಿದ್ದು ನಾನು," ಎಂದೆ.

ತಲೆ ಎತ್ತಲಿಲ್ಲ ಅವರು. "ಮೊನ್ನೆ ಕೇಳಿದ್ವಲ್ಲ. ತುಂಬಾ ಚೆನ್ನಾಗಿ ಹೇಳಿದ್ರಿ."

"ಚೆನ್ನಾಗಿ ಹೇಳಿದ್ದೇ ತಪ್ಪಾಯ್ತು. ಸಿಸ್ಟರ್, ಕೆಳಗಿನವನು ಬಿಟ್ಟಿದ್ರೆ ಸ್ಟ್ರೆಚರ್ ಅಲ್ಲೇ ನಿಲ್ಲುತ್ತಿತ್ತಾ? ಆ ಅಮ್ಮ ಕೆಳಗಿನ ತಿರುವಿನ ತನಕ ಜಾರಬೇಕಿತ್ತು. ಜಾರಲಿಲ್ಲ. ಅವನು ಹಿಡ್ಕೊಂಡಿದ್ದಕ್ಕೇ ಮಂಡಿಯೂರಿದ್ದ. ನಾನು ಬಿಟ್ಟು ಎದ್ದು ನಿಂತಿದ್ದೆ."

ಪೆನ್ಸಿಲ್ ನಿಂತಿತು. ಅವರು ಕಣ್ಣು ಮುಚ್ಚಿದರು. ಮೆಟ್ಟಿಲನ್ನು ನೋಡುತ್ತಿದ್ದರು ಅನಿಸುತ್ತದೆ.

"ಆ ಅಮ್ಮ ಬೀಳಿಸಿದವನ ಬಗ್ಗೆ ಕೇಳಿದ್ರು," ಎಂದರು. "ಯಾವ ಕಡೆ ಇದ್ದ ಅಂತ ನಾನು ತಿರುಗಿ ಕೇಳಲಿಲ್ಲ." ಪೆನ್ಸಿಲನ್ನು ಕೆಳಗಿಟ್ಟು, "ಏಳು ವಾರ ಅವನು ನನ್ನ ಮುಖ ನೋಡಿಲ್ಲ. ನಾಚಿಕೆಗೆ ಅಂದ್ಕೊಂಡಿದ್ದೆ."

ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ಸರಿಸಿದರು.

"ಬರೆದುಕೊಡಿ."

ಅಲ್ಲೇ ಕೂತು ಒಂದು ಪುಟ ಬರೆದೆ. ಓದಿ ವಾಪಸು ಕೊಟ್ಟರು. "ಇದರಲ್ಲಿ ವಿಧಿ ಯಾಕೆ ಬಂತು? ತೆಗೀರಿ." ಅರ್ಧ ಪುಟ ಬರೆದೆ. "ನಿಮ್ಮ ಪಶ್ಚಾತ್ತಾಪ ಫೈಲಿಗೆ ಬೇಡ. ನಡೆದದ್ದು ಮಾತ್ರ." ಮೂರನೆಯ ಸಲ ಬರೆದದ್ದು ಇಷ್ಟು: ಮಾರ್ಚ್ 3ರಂದು ಸ್ಟ್ರೆಚರ್ ಬಿಟ್ಟವನು ನಾನು. ಕೆಳಗಿದ್ದವನು ಹಿಡಿದುಕೊಂಡಿದ್ದ. ಇಲ್ಲಿಯತನಕ ನಾನು ಹೇಳಲಿಲ್ಲ.

ಅದನ್ನು ತೆಗೆದುಕೊಂಡರು. ರಬ್ಬರಿನಿಂದ ಪಟ್ಟಿಯಲ್ಲಿ ನನ್ನ ಹೆಸರು, ಕಡ್ಡಿಯ ಹೆಸರು ಇದ್ದ ಎರಡು ಮನೆಗಳನ್ನು ಅಳಿಸಿದರು. ಆ ಅಮ್ಮನಿಗೆ ತಾವೇ ಫೋನ್ ಮಾಡುವುದಾಗಿ ಹೇಳಿದರು. ನಾನೇ ಮಾಡಲೇ ಎಂದು ಕೇಳಿದೆ. ನಂಬರ್ ಬರೆದುಕೊಟ್ಟರು.

ಮಾಡಿದೆ. ಆ ಅಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅವತ್ತು ಹೌದಮ್ಮ ಅಂದವನೂ ನೀನೇನಾ?" ಎಂದರು. ನಾನೇ ಎಂದೆ. ಫೋನ್ ಇಟ್ಟರು.

ಏಪ್ರಿಲ್ 28, ಸೋಮವಾರ

ಲಾಂಡ್ರಿಯಲ್ಲಿ ಒಂದು ವಾರ. ಒದ್ದೆ ಶೀಟು ಇಷ್ಟು ಭಾರ ಎಂದು ತಿಳಿದಿರಲಿಲ್ಲ. ಕಡ್ಡಿ ಸ್ಟ್ರೆಚರಿಗೆ ಹಿಂತಿರುಗಿದ್ದಾನೆ. ಅವನು ಮುಂದೆ, ಅಕ್ಕ ಕೆಳಗೆ. ಕ್ಯಾಂಟೀನಿನಲ್ಲಿ ಚಪ್ಪಾಳೆ ತಟ್ಟಿದವರು ಈಗ ತಟ್ಟೆ ಹಿಡಿದು ಬೇರೆ ಮೇಜಿಗೆ ಹೋಗುತ್ತಾರೆ. ಅಕ್ಕ ಒಬ್ಬಳೇ ಎದುರಿಗೆ ಕೂತು ನೇರ ಹೇಳಿದಳು: "ಆ ಅಮ್ಮ ಮಾತಾಡಿದ ದಿನಾನೇ ಅನುಮಾನ ಬಂತು ನನಗೆ. ನೀವಾಗಿ ಹೇಳ್ತೀರೋ ಇಲ್ವೋ ನೋಡೋಣ ಅಂತ ಸುಮ್ಮನಿದ್ದೆ. ಇನ್ನೊಂದು ವಾರ ತಡ ಮಾಡಿದ್ರೆ ಹಂಡೆ ತಲೆ ಮೇಲೆ ಹಾಕ್ತಿದ್ದೆ."

ಲಾಂಡ್ರಿ ನೆಲಮಹಡಿಯಲ್ಲಿದೆ. ಇಲ್ಲಿ ಹತ್ತಲು ಒಂದು ಮೆಟ್ಟಿಲೂ ಇಲ್ಲ, ನೋಡುವವರೂ ಇಲ್ಲ. ಬೆಳಿಗ್ಗೆ ಬೇಗ ಬಂದು ಆ ನಲವತ್ತನಾಲ್ಕನ್ನು ಹತ್ತಿ ಇಳಿದೆ. ಸಂಜೆ ನಡೆದೆ.

ಮೇ 5, ಸೋಮವಾರ

ಕಡ್ಡಿ ಶೀಟು ತೆಗೆದುಕೊಳ್ಳಲು ಬಂದ. ಆರು ಬೇಕು ಎಂದ. ಆರು ಕೊಟ್ಟೆ. ಒಂದನ್ನು ಮುಟ್ಟಿ ನೋಡಿ ವಾಪಸು ಇಟ್ಟ.

"ಇದು ಇನ್ನೂ ತೇವ ಇದೆ."

ಬೇರೆ ಕೊಟ್ಟೆ. ಬಾಗಿಲ ತನಕ ಹೋಗಿ ನಿಂತ.

"ಸಂಜೆ ನಡೆಯೋಕೆ ಹೋಗ್ತೀಯಂತೆ. ಎಷ್ಟು ಗಂಟೆಗೆ?"

"ಆರಕ್ಕೆ."

"ನಾನು ಬರಲ್ಲ. ಸುಮ್ನೆ ಕೇಳ್ದೆ."

ಆರೂಕಾಲರ ತನಕ ಗೇಟಿನ ಹತ್ತಿರ ನಿಂತಿದ್ದೆ. ಆಮೇಲೆ ನಡೆದೆ.